ಕೊಡುವ ಕೈ, ಪಡೆಯುವ ಕೈ: ಅಸಮಾನತೆ ಮತ್ತು ಸರ್ಕಾರದ ನೀತಿ

(ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾಡು, ನದಿ, ಘಟ್ಟಗಳ ಕುರಿತು ಚಿಂತಿಸುವ ಈ ವೇದಿಕೆಯಲ್ಲಿ ಬಡವ-ಬಲ್ಲಿದರ ಅಂತರದ ವಿಷಯವೇಕೆ ಎಂದು ಕೆಲವರು ಕೇಳಬಹುದು. ನೆಲ ಯಾರದು, ನೀರು ಯಾರದು, ಸೊಪ್ಪು-ಸೌದೆ ಯಾರದು ಎಂದು ಕೇಳದೆ ಪರಿಸರದ ಮಾತನ್ನು ಆಡಲು ಬರುವುದಿಲ್ಲ. 2022ರ ವಿಶ್ವ ಅಸಮಾನತಾ ವರದಿಯ ಪ್ರಕಾರ ಜಗತ್ತಿನ ಸಂಪತ್ತಿನ ಶೇಕಡಾ 76ರಷ್ಟು ಮೇಲ್ತುದಿಯ ಶೇಕಡಾ 10 ಜನರ ಕೈಯಲ್ಲಿತ್ತು. ಕೆಳಗಿನ ಅರ್ಧದಷ್ಟು ಜನರ ಪಾಲು ಶೇಕಡಾ 2 ಮಾತ್ರ. ಇದನ್ನು ಹಣೆಬರಹವೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಒಡೆತನದ ಕಾನೂನು ಮತ್ತು ತೆರಿಗೆಯ ನಿಯಮಗಳು ಬೆಳೆಸಿದ ಅಂತರವನ್ನು ಅವುಗಳಿಂದಲೇ ತಗ್ಗಿಸಬಹುದು. ಇದಕ್ಕೆ ಎರಡು ನಿದರ್ಶನಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ನಮ್ಮದೇ ನೆಲದ್ದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ವಿವಾದದ ಮೂಲ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ದುಡಿದ ಆ ಹೋರಾಟದಲ್ಲಿ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಅಳತೆಯ ಪ್ರಶ್ನೆ ಒಡೆತನದ ಪ್ರಶ್ನೆಯಾಗಿ ಬೆಳೆದು ಶಾಸನವಾಗಲು ಎರಡು ದಶಕಗಳೇ ಬೇಕಾದವು. ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಯ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕು ಪಡೆಯುವಂತಾಯಿತು. 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. 5 ಲಕ್ಷಕ್ಕೆ ಸಮೀಪದಷ್ಟು ಅರ್ಜಿಗಳು ಗೇಣಿದಾರರ ಪರವಾಗಿ ಇತ್ಯರ್ಥವಾದವು.

ಈ ಶಾಸನದ ಬಲವಿದ್ದುದು ಅದರ ವಿಧಾನದಲ್ಲಿ. ದಾವೆಗಳು ಸಿವಿಲ್ ನ್ಯಾಯಾಲಯಕ್ಕೆ ಹೋಗಲಿಲ್ಲ. ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿ, ಸ್ಥಳೀಯ ಸದಸ್ಯರಿದ್ದ ಭೂ ನ್ಯಾಯಮಂಡಳಿಗಳು ಅವನ್ನು ತೀರ್ಮಾನಿಸಿದವು. ವಕೀಲರಿಗೆ ಅಲ್ಲಿ ವಾದಿಸಲು ಅವಕಾಶವಿರಲಿಲ್ಲ. ಹಣವಿದ್ದವನ ಕೈಯಲ್ಲಿದ್ದ ದೊಡ್ಡ ಆಯುಧವನ್ನು ಬಾಗಿಲಾಚೆ ಇಡಿಸಿದಂತಾಯಿತು. ಆದರೆ ಗೇಣಿಗೂ ಭೂಮಿ ಸಿಗದೆ ಕೂಲಿಯನ್ನೇ ನಂಬಿದ್ದವರಿಗೆ, ಅವರಲ್ಲಿಯೂ ದಲಿತರಿಗೆ, ಈ ಕಾಯಿದೆಯಿಂದ ದಕ್ಕಿದ್ದು ಅತ್ಯಲ್ಪ.

ಎರಡನೆಯ ನಿದರ್ಶನ ಬ್ರೆಜಿಲ್. ಅಧ್ಯಕ್ಷ ಲೂಲಾ 2003ರಲ್ಲಿ ಆರಂಭಿಸಿದ ಬೋಲ್ಸಾ ಫಮೀಲಿಯಾ ಯೋಜನೆಯಡಿ ಬಡ ಕುಟುಂಬಗಳಿಗೆ, ಬಹುಪಾಲು ತಾಯಂದಿರ ಹೆಸರಿನಲ್ಲಿ, ತಿಂಗಳಿಗಿಷ್ಟು ಹಣ ಸಂದಾಯವಾಯಿತು. ಮಕ್ಕಳು ಶಾಲೆಗೆ ಹೋಗಬೇಕು, ಅವರಿಗೆ ಲಸಿಕೆ ಹಾಕಿಸಬೇಕು ಎಂಬುದು ಷರತ್ತು. ಒಂದು ದಶಕದಲ್ಲಿ ಅದು 1.3 ಕೋಟಿಗೂ ಹೆಚ್ಚು ಕುಟುಂಬಗಳನ್ನು ತಲುಪಿತು. ತಗುಲಿದ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇಕಡಾ ಅರ್ಧದಷ್ಟು. ಕನಿಷ್ಠ ಕೂಲಿಯೂ ಬೆಲೆಯೇರಿಕೆಯನ್ನು ಮೀರಿ ಏರಿತು. ಆದಾಯದ ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕ 2001ರಲ್ಲಿ 0.58ರ ಆಸುಪಾಸಿನಲ್ಲಿದ್ದುದು 2013ರ ವೇಳೆಗೆ 0.53ರ ಸಮೀಪಕ್ಕೆ ಇಳಿಯಿತು. ಆದರೂ ಮೇಲ್ತುದಿಯ ಸಿರಿವಂತಿಕೆ ಅಲುಗಲಿಲ್ಲ. ಕಂಪನಿಗಳ ಲಾಭಾಂಶ ಪಡೆಯುವವರಿಗೆ 1996ರಿಂದಲೂ ಅದರ ಮೇಲೆ ಆದಾಯ ತೆರಿಗೆ ಇರಲಿಲ್ಲ. ಅತಿ ಹೆಚ್ಚು ಆದಾಯದವರ ಮೇಲೆ ಕನಿಷ್ಠ ತೆರಿಗೆ ವಿಧಿಸುವ ಕಾನೂನಿಗೆ ಅಂಕಿತ ಬಿದ್ದದ್ದು 2025ರ ನವೆಂಬರಿನಲ್ಲಿ.

ಸರ್ಕಾರಕ್ಕೆ ಕೊಡುವ ಕೈಯೂ ಇರಬೇಕು, ಪಡೆಯುವ ಕೈಯೂ ಇರಬೇಕು. ಬ್ರೆಜಿಲ್ ಬಹುಕಾಲ ಮೊದಲನೆಯ ಕೈಯನ್ನಷ್ಟೇ ಚಾಚಿತು. ಅರಸರ ಕಾಯಿದೆ ಎರಡನ್ನೂ ಬಳಸಿತು, ಅದೂ ಭೂಮಿಯ ಮಟ್ಟಿಗೆ. ಅನಂತರ ನಮ್ಮ ದೇಶದಲ್ಲಿ ಪಡೆಯುವ ಕೈ ಸೊರಗುತ್ತ ಬಂದಿತು. 1985ರಲ್ಲಿ ಎಸ್ಟೇಟ್ ಸುಂಕ ರದ್ದಾಯಿತು, 2015ರಲ್ಲಿ ಸಂಪತ್ತಿನ ತೆರಿಗೆ ಹೋಯಿತು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿಯಾಯಿತು. ಜಗತ್ತಿನ ಸುಮಾರು 3,000 ಶತಕೋಟ್ಯಧೀಶರು ವರ್ಷಕ್ಕೆ ತಮ್ಮ ಸಂಪತ್ತಿನ ಕನಿಷ್ಠ ಶೇಕಡಾ 2ರಷ್ಟು ತೆರಿಗೆ ತೆರಬೇಕೆಂಬ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಝುಕ್ಮನ್ ಅವರ ಪ್ರಸ್ತಾವ 2024ರಲ್ಲಿ ಜಿ-20 ರಾಷ್ಟ್ರಗಳ ಮುಂದೆ ಬಂದಿತು. ಸಹಕರಿಸುವ ಮಾತು ಘೋಷಣೆಯಲ್ಲಿ ಸೇರಿತು; ಯಾರ ಮೇಲೂ ಬಾಧ್ಯತೆ ಬೀಳಲಿಲ್ಲ.

ಇನ್ನು ನಮ್ಮ ಬೆಟ್ಟಗಳ ಕಡೆಗೆ ತಿರುಗೋಣ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತುಂಟು. ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ಶರಾವತಿ ಕಣಿವೆಯನ್ನು ನೋಡಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆಮಠ ತೊರೆದು ಅರಣ್ಯಭೂಮಿಯಲ್ಲಿ ನೆಲೆಗೊಂಡ ಅನೇಕ ಕುಟುಂಬಗಳು ದಶಕಗಳು ಕಳೆದರೂ ಹಕ್ಕುಪತ್ರ ಕಾಣಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಪುರಾವೆಯನ್ನು ಕೇಳುತ್ತದೆ. ನಾಡಿಗೆ ಬೆಳಕು ಕೊಡಲೆಂದು ಎಬ್ಬಿಸಿದವರು ಹೊಸ ನೆಲೆಯಲ್ಲಿ ಆ ಪುರಾವೆಯನ್ನು ಎಲ್ಲಿಂದ ತರಬೇಕು? 1974ರ ಕಾಯಿದೆ ಉಳುವವನ ಹೆಗಲಿನ ಹೊರೆಯನ್ನು ಇಳಿಸಿತ್ತು. ಇಲ್ಲಿ ಆ ಹೊರೆ ಮತ್ತೆ ಬಡವನ ಹೆಗಲೇರಿದೆ.

ಇದೇ ಕಾಯಿದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಮುದಾಯಿಕ ಹಕ್ಕು ಪಡೆದದ್ದೂ ಉಂಟು. ಕಾಡನ್ನು ಬಲ್ಲವರಿಗೆ ಅಲ್ಲಿ ಹಕ್ಕು ದೊರೆತುದರಿಂದ ಸಂರಕ್ಷಣೆಗೂ ಹಕ್ಕಿಗೂ ಹಗೆತನವಿಲ್ಲವೆಂದು ಕಾನೂನೇ ಒಪ್ಪಿದಂತಾಯಿತು.

ಹಾಗಾಗಿ ನಮ್ಮ ಬೇಡಿಕೆಗಳು ಕಾಡಿನ ಗಡಿಯಲ್ಲಿ ನಿಲ್ಲಬಾರದು. ಸಂತ್ರಸ್ತರಿಗೆ ಹಕ್ಕುಪತ್ರ, ಬೆಟ್ಟ-ಗೋಮಾಳಗಳಲ್ಲಿ ಭೂರಹಿತರಿಗೂ ಪಾಲು, ಅತಿ ಸಿರಿವಂತರ ಸಂಪತ್ತಿನ ಮೇಲೆ ತೆರಿಗೆ: ಈ ಮೂರನ್ನೂ ಒಟ್ಟಿಗೆ ಕೇಳೋಣ. ಹಸಿದವನನ್ನು ಹೊರಗಿಟ್ಟು ಉಳಿಸಿದ ಕಾಡು ಬಹಳ ಕಾಲ ಉಳಿಯಲಾರದು.