ಮಹಾಮೌನವನ್ನು ಚಿತ್ರಿಸಿದ ಬಗೆ



ಬಸದಿಯೊಂದು ಏಳಬೇಕಾದರೆ ದಾನಿಗಳ ದ್ರವ್ಯದಷ್ಟೇ ಕಾಯುವ ತಾಳ್ಮೆಯೂ ಬೇಕೆಂಬುದು ಈ ಪ್ರತಿಷ್ಠಾ ಮಹೋತ್ಸವಕ್ಕಾಗಿ ದುಡಿದವರೆಲ್ಲರೂ ಬಲ್ಲ ಸಂಗತಿ. ಅಂತಹ ತಾಳ್ಮೆಯಿಂದಲೇ ದೂರದ ಫ್ರಾನ್ಸ್ ದೇಶದ ಕ್ರೈಸ್ತ ಮಠವೊಂದರಲ್ಲಿ ಸಿದ್ಧವಾದ ಒಂದು ಸಾಕ್ಷ್ಯಚಿತ್ರದ ವೃತ್ತಾಂತವನ್ನು ಇಂದು ತಮ್ಮ ಮುಂದಿಡಲಾಗಿದೆ. ಮತ ಬೇರೆಯಾದರೂ ಮೌನ, ಉಪವಾಸ, ಅಪರಿಗ್ರಹಗಳ ಬೆಲೆಯನ್ನರಿತ ಶ್ರಾವಕರಿಗೆ ಇದು ತೀರ ಪರಕೀಯವೆನಿಸಲಾರದು.

ಗ್ರೆನೋಬಲ್ ನಗರಕ್ಕೆ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಗ್ರಾಂದ್ ಶಾರ್ತ್ರೂಸ್ ಎಂಬ ಮಠವಿದೆ. ಕ್ರಿ.ಶ. 1084ರಲ್ಲಿ ಬ್ರೂನೋ ಎಂಬ ಸಂತರು ಆರು ಮಂದಿ ಸಂಗಡಿಗರೊಡನೆ ಅಲ್ಲಿಗೆ ಬಂದು ನೆಲೆಸಿದರು. ಕಾರ್ತೂಸಿಯನ್ ಸಂಪ್ರದಾಯದ ಮೂಲಪೀಠವೇ ಅದು. ಅಲ್ಲಿನ ಸನ್ಯಾಸಿ ತನ್ನ ಆಯುಷ್ಯದ ಬಹುಪಾಲನ್ನು ಏಕಾಂತದ ಕುಟೀರದಲ್ಲಿ ಕಳೆಯುತ್ತಾನೆ. ಗೋಡೆಯ ಕಿಂಡಿಯ ಮೂಲಕ ಅವನಿಗೆ ಆಹಾರ ಬರುತ್ತದೆ. ನಡುರಾತ್ರಿ ಎದ್ದು ದೇವಾಲಯದಲ್ಲಿ ದೀರ್ಘಕಾಲ ಪ್ರಾರ್ಥಿಸುವುದು ನಿತ್ಯನೇಮ. ಮಾಂಸವನ್ನು ಅವರು ಮುಟ್ಟುವುದಿಲ್ಲವೆಂಬುದನ್ನು ಕೇಳಿ ಇಲ್ಲಿರುವ ಹಲವರಿಗೆ ಸಂತೋಷವಾದೀತು. ಆದರೆ ಮಠದ ನಿರ್ವಹಣೆಗೆ ಮೂಲಿಕೆಗಳಿಂದ ತಯಾರಾಗುವ ಒಂದು ಮದ್ಯದ ಮಾರಾಟವೂ ಆಧಾರವಾಗಿದೆ. ಅಣುವ್ರತಿಗಳಾದವರು ಇದನ್ನು ಒಪ್ಪಲಾರರು, ಒಪ್ಪಲೂಬಾರದು. ಗುಣವನ್ನು ಹೇಳುವಾಗ ಇದನ್ನು ಮರೆಮಾಚುವುದು ನ್ಯಾಯವಲ್ಲವಾದ್ದರಿಂದ ಹೇಳಬೇಕಾಯಿತು.

1984ರಲ್ಲಿ ಫಿಲಿಪ್ ಗ್ರೋನಿಂಗ್ ಎಂಬ ಜರ್ಮನ್ ತರುಣನು ಈ ಮಠದ ಜೀವನವನ್ನು ಚಿತ್ರೀಕರಿಸಲು ಅನುಮತಿ ಬೇಡಿದನು. ಆಗ ಅವನಿಗೆ ಇಪ್ಪತ್ತೈದು ವರ್ಷ. ಈಗ ಕಾಲ ಪಕ್ವವಾಗಿಲ್ಲ, ಇನ್ನು ಹತ್ತು ಹದಿಮೂರು ವರ್ಷಗಳ ನಂತರ ನೋಡೋಣ ಎಂಬ ಅರ್ಥದ ಉತ್ತರ ದೊರೆಯಿತು. ಲೋಕವ್ಯವಹಾರದಲ್ಲಿ ಇಂತಹ ಉತ್ತರಕ್ಕೆ 'ಇಲ್ಲ' ಎಂದೇ ಅರ್ಥ. ಪೇಟೆಯಲ್ಲಿ ಯಾರಾದರೂ ಹೀಗೆಂದರೆ ಆ ಲೆಕ್ಕವನ್ನು ಅಂದೇ ಹೊಡೆದುಹಾಕುವುದು ವಾಡಿಕೆ. ಆದರೆ ಸನ್ಯಾಸಿಗಳು ಆಡಿದ ಮಾತನ್ನು ಮರೆತಿರಲಿಲ್ಲ. ಆತನೂ ಆಸೆಯನ್ನು ತೊರೆದಿರಲಿಲ್ಲ. ಹದಿನಾರು ವರ್ಷಗಳು ಸಂದಮೇಲೆ, ಇನ್ನೂ ಆಸಕ್ತಿಯಿದ್ದರೆ ಬರಬಹುದೆಂಬ ಕರೆ ಬಂದಿತು. ತರುಣನು ಆ ವೇಳೆಗೆ ನಲವತ್ತರ ಪ್ರಾಯದವನಾಗಿದ್ದನು.

ಅನುಮತಿಯ ಜೊತೆಗೆ ಕಟ್ಟಳೆಗಳೂ ಇದ್ದವು. ಸಹಾಯಕರನ್ನು ಕರೆತರಬಾರದು, ಕೃತಕ ದೀಪಗಳನ್ನು ಉರಿಸಬಾರದು, ಸಂಗೀತವನ್ನಾಗಲಿ ವಿವರಣೆಯ ಮಾತನ್ನಾಗಲಿ ಸೇರಿಸಬಾರದು. ಚಲನಚಿತ್ರದ ಕಸುಬಿನವನಿಗೆ ಇದು ಕೈಕಾಲು ಕಟ್ಟಿ ಹೊಳೆಗಿಳಿಸಿದಂತೆಯೇ ಸರಿ. ಆತನು ಅದನ್ನು ಶಿರಸಾವಹಿಸಿ, 2002 ಮತ್ತು 2003ರಲ್ಲಿ ಒಟ್ಟು ಆರು ತಿಂಗಳ ಕಾಲ ಮಠದೊಳಗೆ ತಾನೂ ಒಂದು ಕುಟೀರದಲ್ಲಿ ವಾಸಿಸಿದನು. ಗಂಟೆಯ ಕರೆಗೆ ಎದ್ದು, ಅವರ ದಿನಚರಿಗೆ ಒಳಪಟ್ಟು, ಮಠದ ಕೆಲಸಗಳಲ್ಲಿ ಪಾಲ್ಗೊಂಡು, ಉಳಿದ ಅಲ್ಪ ವೇಳೆಯಲ್ಲಿ ಒಬ್ಬನೇ ಚಿತ್ರೀಕರಣ ನಡೆಸಿದನು. ಸನ್ಯಾಸಿಗಳ ಪಾಲಿನ ತ್ಯಾಗವೂ ಇದಕ್ಕೆ ಕಡಿಮೆಯದಲ್ಲ. ಯಾರ ಕಣ್ಣಿಗೂ ಬೀಳದಿರಲೆಂದು ಲೋಕವನ್ನು ಬಿಟ್ಟುಬಂದವರು ತಮ್ಮ ಜಪದ ಮುಖವನ್ನು ಯಂತ್ರವೊಂದರ ಮುಂದೆ ತೆರೆದಿಟ್ಟರಲ್ಲವೆ? ಎರಡು ಕಡೆಯ ಈ ವಿಶ್ವಾಸವಿಲ್ಲದಿದ್ದಲ್ಲಿ ಚಿತ್ರವೇ ಆಗುತ್ತಿರಲಿಲ್ಲ.

ಸಂಗ್ರಹವಾದದ್ದು ಸುಮಾರು 120 ಗಂಟೆಗಳ ದೃಶ್ಯ. ಉಳಿಸಿಕೊಂಡದ್ದು ಮೂರು ಗಂಟೆಗೂ ಕಡಿಮೆ. 2005ರಲ್ಲಿ ಹೊರಬಂದ ಈ ಚಿತ್ರದ ಜರ್ಮನ್ ಹೆಸರಿಗೆ 'ಮಹಾಮೌನ'ವೆಂದೇ ಅರ್ಥ. ಅದರಲ್ಲಿ ಕಥೆಯಿಲ್ಲ. ಹಿಮ ಬೀಳುತ್ತದೆ, ಒಬ್ಬರು ವಸ್ತ್ರವನ್ನು ಕತ್ತರಿಸುತ್ತಾರೆ, ಒಬ್ಬರು ಬೆಕ್ಕುಗಳನ್ನು ಕರೆದು ಉಣಿಸುತ್ತಾರೆ, ಕತ್ತಲು ತುಂಬಿದ ದೇವಾಲಯದಲ್ಲಿ ಒಂದೇ ಒಂದು ಕಿರುದೀಪ ಉರಿಯುತ್ತಿರುತ್ತದೆ. ಸನ್ಯಾಸಿಗಳು ಹಿಮದ ಇಳಿಜಾರಿನಲ್ಲಿ ಮಕ್ಕಳಂತೆ ಜಾರಿ ಬಿದ್ದು ನಗುವ ದೃಶ್ಯವೂ ಉಂಟು. ವ್ರತವು ಮುಖವನ್ನು ಗಂಟಿಕ್ಕಿಸುತ್ತದೆಂದು ಭಾವಿಸಿದವರು ಅದನ್ನು ಅವಶ್ಯವಾಗಿ ನೋಡಬೇಕು. ಕೊನೆಯ ಭಾಗದಲ್ಲಿ ಕಣ್ಣು ಕಳೆದುಕೊಂಡ ಮುದುಕರೊಬ್ಬರು ಮಾತನಾಡುತ್ತಾರೆ. ತಮಗೆ ಕುರುಡುತನ ಬಂದದ್ದು ಆತ್ಮದ ಹಿತಕ್ಕೆಂದೇ ತಿಳಿದು ದೇವರಿಗೆ ಕೃತಜ್ಞತೆ ಹೇಳುತ್ತಾರೆ. ಸುಖದುಃಖಗಳಿಗೆ ಸ್ವಕರ್ಮವನ್ನೇ ಕಾರಣವೆನ್ನುವ ಜೈನರ ನಿಲುವು ಬೇರೆ; ಆದರೂ ಆ ಸಮಭಾವಕ್ಕೆ ತಲೆಬಾಗದೆ ಇರುವುದು ಕಷ್ಟ.

2006ರಲ್ಲಿ ಯುರೋಪಿನ ಅತ್ಯುತ್ತಮ ಸಾಕ್ಷ್ಯಚಿತ್ರವೆಂಬ ಪ್ರಶಸ್ತಿ ಇದಕ್ಕೆ ಸಂದಿತು. ಮಾತು ತೀರ ವಿರಳವಾದ ಚಿತ್ರಕ್ಕೆ ಊರೂರುಗಳಲ್ಲಿ ಜನ ಸೇರಿದರು. ಇಷ್ಟಾದರೂ ಮಠದ ಬಾಗಿಲು ಸಂದರ್ಶಕರಿಗೆ ತೆರೆಯಲಿಲ್ಲ. ಅಲ್ಲಿಗೆ ಹೋದವರು ಎರಡು ಕಿಲೋಮೀಟರ್ ಈಚೆಗಿರುವ ವಸ್ತುಸಂಗ್ರಹಾಲಯವನ್ನು ನೋಡಿ, ಗೋಡೆಯನ್ನು ದೂರದಿಂದ ಕಂಡು, ಹಿಂದಿರುಗುತ್ತಾರೆ.