ವರ್ಕ್‌ಶಾಪಿನಿಂದ ಆಪರೇಷನ್ ಥಿಯೇಟರಿಗೆ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

 

ಮಗು ಚೆನ್ನಾಗಿ ಓದಿದರೆ ಡಾಕ್ಟರಾಗಬೇಕು ಎನ್ನುತ್ತೇವೆ. ಎಂಬಿಬಿಎಸ್ ಸೀಟು ಸಿಗದಿದ್ದರೆ ರೋಗಿಗಳ ಸೇವೆಯ ಬಾಗಿಲೇ ಮುಚ್ಚಿತು ಎಂದುಕೊಳ್ಳುತ್ತೇವೆ. ಆದರೆ ಇನ್ನೊಂದು ಬಾಗಿಲಿದೆ. ಅದು ಮೆಕ್ಯಾನಿಕಲ್ ವರ್ಕ್‌ಶಾಪಿನ ಕಡೆಯಿಂದ ತೆರೆಯುತ್ತದೆ.

1985ರಲ್ಲಿ ಅಮೆರಿಕದ ವೈದ್ಯರು ರೋಗಿಯೊಬ್ಬರ ಮೆದುಳಿನಿಂದ ಪರೀಕ್ಷೆಗೆ ಅಂಗಾಂಶದ ಚೂರನ್ನು ತೆಗೆಯಬೇಕಿತ್ತು. ಸೂಜಿಗೆ ಗುರಿ ತೋರಿಸಲು ಅವರು ಬಳಸಿದ್ದು ಪ್ಯೂಮಾ 560 ಎಂಬ ಯಂತ್ರದ ತೋಳು. ಅದನ್ನು ಮಾಡಿದ್ದು ಆಸ್ಪತ್ರೆಗಲ್ಲ, ಕಾರ್ಖಾನೆಗೆ.

2000ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಡಾ ವಿಂಚಿ’ ರೋಬೋ ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಇದೆ. ಅದು ತಾನಾಗಿಯೇ ಆಪರೇಷನ್ ಮಾಡುವುದಿಲ್ಲ. ಸರ್ಜನ್ ಕೈ ಆಡಿಸುತ್ತಾರೆ. ಯಂತ್ರ ಕೈನಡುಕವನ್ನು ಸೋಸಿ, ಚಲನೆಯನ್ನು ಕಿರಿದಾಗಿಸಿ ಉಪಕರಣದ ತುದಿಗೆ ತಲುಪಿಸುತ್ತದೆ. ಆ ತುದಿಯಲ್ಲಿ ನಮ್ಮ ಮಣಿಕಟ್ಟಿನಂತೆ ತಿರುಗುವ ಪುಟ್ಟ ಕೀಲು, ಅದನ್ನು ಎಳೆಯುವ ತೆಳು ಲೋಹದ ತಂತಿಗಳು. ಇಂಥ ಉಪಕರಣವನ್ನು ನಿಗದಿತ ಸಂಖ್ಯೆಯ ಆಪರೇಷನ್‌ಗಳ ನಂತರ ಬದಲಿಸಲೇಬೇಕು. ರೋಗಿಯ ಬಿಲ್ಲು ಏರಲು ಇದೂ ಒಂದು ಕಾರಣ. ಹೆಚ್ಚು ದಿನ ಬಾಳುವ ಕೀಲು, ಸವೆಯದ ತಂತಿ, ಕಡಿಮೆ ಖರ್ಚಿನ ತಯಾರಿಕೆ: ಇವನ್ನು ಕಂಡುಹಿಡಿಯಬೇಕಾದವರು ಎಂಜಿನಿಯರ್‌ಗಳು. ಇಂಥ ಸಂಶೋಧನೆ ನಡೆದಷ್ಟೂ ಬಡವರಿಗೆ ಚಿಕಿತ್ಸೆ ಹತ್ತಿರವಾಗುತ್ತದೆ.

ತಲೆಬುರುಡೆಯ ಭಾಗ ಕಳೆದುಕೊಂಡವರಿಗೆ ಸಿ.ಟಿ. ಸ್ಕ್ಯಾನ್ ನೋಡಿ, ಟೈಟಾನಿಯಂ ಪುಡಿಯನ್ನು ಪದರಪದರವಾಗಿ ಲೇಸರ್‌ನಿಂದ ಕರಗಿಸಿ, ಅವರ ಅಳತೆಗೇ ಸರಿಹೊಂದುವ ತುಂಡನ್ನು ಮಾಡಬಹುದು. ಇದೂ ವರ್ಕ್‌ಶಾಪಿನ ವಿದ್ಯೆಯೇ.

ಪೋಷಕರೇ, ದಾರಿ ಹೀಗಿದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ. ಡಿಸಿಇಟಿ ಬರೆದರೆ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶ. ನಂತರ ಗೇಟ್ ಪರೀಕ್ಷೆ. ಅದರ ಮೂಲಕ ಐಐಟಿಯಂಥ ಕೇಂದ್ರ ಸಂಸ್ಥೆಗಳಲ್ಲಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಸಂಶೋಧನೆಗೆ ಕೇಂದ್ರದ ಜೂನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ. ಹೆಣ್ಣುಮಕ್ಕಳಿಗೂ ಈ ದಾರಿ ಅಷ್ಟೇ ತೆರೆದಿದೆ.

ದಾನಿಗಳೇ, ಮಕ್ಕಳು ಈ ದಾರಿ ಬಿಡುವುದು ಬುದ್ಧಿ ಸಾಲದೆ ಅಲ್ಲ. ಡಿಪ್ಲೊಮಾ ಮುಗಿದ ತಿಂಗಳೇ ಮನೆಗೆ ಸಂಬಳ ಬೇಕಾಗಿರುತ್ತದೆ. ಗೇಟ್‌ಗೆ ಓದುವ ವರ್ಷ ಶುಲ್ಕದ ರಸೀದಿಯೂ ಇರುವುದಿಲ್ಲ, ಸ್ಟೈಪೆಂಡೂ ಇರುವುದಿಲ್ಲ. ನಮ್ಮ ನೆರವು ಕಾಲೇಜು ಶುಲ್ಕಕ್ಕೇ ನಿಲ್ಲದೆ ಆ ಬರಿದಾದ ವರ್ಷಕ್ಕೂ ತಲುಪಲಿ ಎಂದು ವಿನಂತಿಸುತ್ತೇನೆ.