ಹಿಂದಿನ ಸೀಟಿಗೂ ವಿಮೆ ಇದೆಯೇ?



ಬೆಂಗಳೂರಿನ ಲಗ್ಗೆರೆಯಂಥ ಬಡಾವಣೆಯಲ್ಲಿ ಬೈಕಿನ ಇನ್ಶೂರೆನ್ಸ್ ಎಲ್ಲಿ ಆಗುತ್ತದೆ ಎಂದು ಕೇಳಿದರೆ ಬಹಳ ಜನ ಎಮಿಷನ್ ಟೆಸ್ಟ್ ಮಾಡುವ ಅಂಗಡಿಯನ್ನೇ ತೋರಿಸುತ್ತಾರೆ. ಸೈಲೆನ್ಸರಿಗೆ ಕೊಳವೆ ಇಟ್ಟು ಹೊಗೆ ನೋಡುವ ಹುಡುಗನೇ ಮೊಬೈಲಿನಲ್ಲಿ ಗಾಡಿ ನಂಬರ್ ಒತ್ತಿ, "ಅಣ್ಣಾ, ಇನ್ಶೂರೆನ್ಸ್ ಮುಗಿದಿದೆ. ಥರ್ಡ್ ಪಾರ್ಟಿ ಹಾಕ್ಲಾ, ಫುಲ್ ಹಾಕ್ಲಾ?" ಎಂದು ಕೇಳುತ್ತಾನೆ. "ಪೊಲೀಸ್ನೋರು ಹಿಡಿದ್ರೆ ತೋರಿಸೋಕೆ ಒಂದು ಪೇಪರ್ ಇದ್ರೆ ಸಾಕು, ಕಮ್ಮಿದೇ ಹಾಕಪ್ಪ" ಎನ್ನುವುದು ಸಾಮಾನ್ಯವಾಗಿ ಬರುವ ಉತ್ತರ. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆ ಎರಡು ನಿಮಿಷದಲ್ಲಿ ಏನನ್ನು ಕೊಂಡೆವು, ಏನನ್ನು ಬಿಟ್ಟೆವು ಎಂಬುದು ಇವತ್ತಿನ ಮಾತು.

ಬೆಳಿಗ್ಗೆ ಎಂಟರ ಹೊತ್ತಿಗೆ ಲಗ್ಗೆರೆ ಬ್ರಿಡ್ಜ್ ಹತ್ತಿರ ನಿಂತು ನೋಡಿ. ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ ಹೋಗುವವರ ಸಾಲು. ಹೆಂಡತಿಯನ್ನು ಗಾರ್ಮೆಂಟ್ಸ್ ಗೇಟಿನ ಮುಂದೆ ಇಳಿಸಿ ಗಂಡ ತನ್ನ ವರ್ಕ್‌ಶಾಪಿಗೆ ಹೋಗುತ್ತಾನೆ. ಅಣ್ಣನ ಗಾಡಿಯಲ್ಲಿ ತಂಗಿ ಕಾಲೇಜಿಗೆ ಹೊರಟಿರುತ್ತಾಳೆ. ಹೆಚ್ಚಿನ ಬೈಕುಗಳಲ್ಲಿ ಇಬ್ಬರು. ನಾವು ಬೈಕಿನ ವಿಮೆ ಎಂದು ಕರೆಯುವುದರಲ್ಲಿ ಬೈಕಿನ ಪಾಲು ನಿಜಕ್ಕೂ ಸಣ್ಣದು. ದೊಡ್ಡ ಪಾಲು ಇರುವುದು ರಸ್ತೆಯಲ್ಲಿ ಎದುರಾಗುವವರದು, ಓಡಿಸುವವರದು, ಹಿಂದೆ ಕೂತವರದು. ಆಯ್ಕೆ ಮಾಡುವಾಗ ಇದೇ ಕ್ರಮದಲ್ಲಿ ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಮಾಡುವುದು ಮಾತ್ರ ತಲೆಕೆಳಗು: ಮೊದಲು ಬೈಕಿನ ಬೆಲೆ ನೋಡುತ್ತೇವೆ, ಗಾಡಿ ಹಳೆಯದಾಗಿದ್ದರೆ ಉಳಿದದ್ದೆಲ್ಲವನ್ನೂ ಕೈಬಿಡುತ್ತೇವೆ.

ಮೊದಲು ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಇದರ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ, ಕಂಪನಿಯಿಂದ ಕಂಪನಿಗೆ ಬದಲಾಗುವುದಿಲ್ಲ. 2022ರ ಜೂನ್ 1ರಿಂದ ಬಂದ ಪಟ್ಟಿಯಂತೆ 75ರಿಂದ 150 ಸಿಸಿವರೆಗಿನ ಗಾಡಿಗೆ, ಅಂದರೆ ನಮ್ಮ ಬೀದಿಗಳಲ್ಲಿ ಕಾಣುವ ಬಹುಪಾಲು ಬೈಕು, ಸ್ಕೂಟರುಗಳಿಗೆ, ವರ್ಷಕ್ಕೆ 714 ರೂಪಾಯಿ, ಮೇಲೆ ಜಿಎಸ್‌ಟಿ. 150ರಿಂದ 350 ಸಿಸಿಗೆ 1,366. ಅದಕ್ಕೂ ದೊಡ್ಡದಾದರೆ 2,804.

ಈ 714 ರೂಪಾಯಿ ಎಷ್ಟು ದೊಡ್ಡ ಹೊರೆಯನ್ನು ಹೊರುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಬೈಕು ತಗುಲಿ ರಸ್ತೆ ದಾಟುತ್ತಿದ್ದ 30 ವರ್ಷದ ಒಬ್ಬ ವ್ಯಕ್ತಿ ತೀರಿಕೊಂಡರು, ತಪ್ಪು ನಿಮ್ಮದೇ ಎಂದಿಟ್ಟುಕೊಳ್ಳಿ. ಅವರಿಗೆ ತಿಂಗಳಿಗೆ 20,000 ಸಂಬಳ, ಮನೆಯಲ್ಲಿ ಅವರನ್ನೇ ನೆಚ್ಚಿಕೊಂಡ ನಾಲ್ಕು ಜನ. ಬೆಂಗಳೂರಿನಲ್ಲಿ ಇಂಥ ಪರಿಹಾರದ ಅರ್ಜಿಗಳನ್ನು ಲಘು ವ್ಯವಹಾರಗಳ ನ್ಯಾಯಾಲಯವೇ ಮೋಟಾರು ಅಪಘಾತ ನ್ಯಾಯಮಂಡಳಿಯಾಗಿ ಕೂತು ವಿಚಾರಿಸುತ್ತದೆ. ಲೆಕ್ಕದ ದಾರಿಯನ್ನು ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟಿದೆ. ವರ್ಷದ ಆದಾಯ 2,40,000. ಬದುಕಿದ್ದರೆ ಆದಾಯ ಏರುತ್ತಿತ್ತಲ್ಲ, ಅದಕ್ಕೆ ನೂರಕ್ಕೆ 40 ಸೇರಿಸಿದರೆ 3,36,000. ಅವರ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 2,52,000. ಆ ವಯಸ್ಸಿಗೆ ಗುಣಕ 17. ಗುಣಿಸಿದರೆ 42,84,000 ರೂಪಾಯಿ. ಅಂತ್ಯಕ್ರಿಯೆ ಮುಂತಾದವುಗಳ ಹಣ ಇದರ ಮೇಲೆ.

ವಿಮೆ ಇದ್ದರೆ ಇಷ್ಟನ್ನೂ ಕಂಪನಿ ಕಟ್ಟುತ್ತದೆ. ಸಾವಿಗೆ, ಗಾಯಕ್ಕೆ ಇಷ್ಟೇ ಎಂಬ ಮಿತಿ ಈ ಪಾಲಿಸಿಯಲ್ಲಿಲ್ಲ. ಎದುರಿನವರ ಕಾರಿಗೋ ಅಂಗಡಿಗೋ ಆದ ನಷ್ಟಕ್ಕೆ ಮಾತ್ರ ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ಸಾಮಾನ್ಯವಾಗಿ ಒಂದು ಲಕ್ಷದ ಮಿತಿ. ವಿಮೆ ಇಲ್ಲದಿದ್ದರೆ ಆ ನಲವತ್ತಮೂರು ಲಕ್ಷ ಗಾಡಿಯ ಮಾಲೀಕರ ತಲೆಯ ಮೇಲೆ. ಭೋಗ್ಯಕ್ಕೆ ಹಾಕಿದ ದುಡ್ಡು, ಊರಲ್ಲಿರುವ ಅರ್ಧ ಎಕರೆ, ಎಲ್ಲವೂ ಅದಕ್ಕೇ. ಅತ್ತ ಸತ್ತವರ ಮನೆಗೂ ದುಡ್ಡು ಸರಿಯಾಗಿ ಸೇರುವುದಿಲ್ಲ. ಎರಡು ಸಂಸಾರ ಒಟ್ಟಿಗೆ ಮುಳುಗುತ್ತವೆ. ಆದ್ದರಿಂದ ಥರ್ಡ್ ಪಾರ್ಟಿ ಬೇಕೇ ಬೇಡವೇ ಎಂಬ ಚರ್ಚೆಯೇ ಬೇಡ. ಪ್ರಶ್ನೆ ಇರುವುದು ಅಷ್ಟಕ್ಕೇ ನಿಲ್ಲಬೇಕೇ ಎಂಬುದರಲ್ಲಿ.

ಇನ್ನು ಓಡಿಸುವವರ ವಿಚಾರ. ಥರ್ಡ್ ಪಾರ್ಟಿ ಎಂದರೆ ಮೂರನೆಯವರಿಗೆ. ನಿಮಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಮಳೆ ನಿಂತ ಮೇಲೆ ರಿಂಗ್ ರೋಡಿನಲ್ಲಿ, ಕಂಠೀರವ ಸ್ಟುಡಿಯೊ ಕಡೆಯಿಂದ ಬರುವಾಗ, ನೀರು ತುಂಬಿದ ಗುಂಡಿ ಕಾಣದೆ ಚಕ್ರ ಇಳಿದು ಬಿದ್ದಿರಿ ಎನ್ನಿ. ಎದುರಿಗೆ ಬೇರೆ ಗಾಡಿಯೇ ಇಲ್ಲ, ಕ್ಲೇಮ್ ಮಾಡಲು ಬೇರೆ ವಿಮೆಯೂ ಇಲ್ಲ. ಅಂಥ ಹೊತ್ತಿಗೆಂದೇ ಇರುವುದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ಏಜೆಂಟರ ಮಾತಿನಲ್ಲಿ 'ಪಿ.ಎ. ಕವರ್'. 2018ರವರೆಗೆ ದ್ವಿಚಕ್ರ ವಾಹನಕ್ಕೆ ಇದರ ಮೊತ್ತ ಬರೀ ಒಂದು ಲಕ್ಷ ಇತ್ತು. ಆ ವರ್ಷ ಅದನ್ನು 15 ಲಕ್ಷಕ್ಕೆ ಏರಿಸಿದರು. ಸತ್ತರೆ, ಇಲ್ಲವೇ ಎರಡು ಕೈಕಾಲು ಅಥವಾ ಎರಡು ಕಣ್ಣು ಹೋದರೆ ಪೂರ್ತಿ ಮೊತ್ತ; ಒಂದು ಹೋದರೆ ಅರ್ಧ. ಕೆಲವು ನೂರು ರೂಪಾಯಿ ಉಳಿಯುತ್ತದೆಂದು ಅಂಗಡಿಯಲ್ಲಿ ಮೊದಲು ತೆಗೆಸುವುದು ಇದನ್ನೇ. "ಬೇರೆ ಕಡೆ ಪಿ.ಎ. ಇದೆ ಅಂತ ಟಿಕ್ ಮಾಡ್ಬಿಡ್ತೀನಿ" ಎಂದು ಹುಡುಗ ಹೇಳುತ್ತಾನೆ, ನಾವು ಹೂಂ ಎನ್ನುತ್ತೇವೆ. ಬೇರೆ ಕಡೆ ನಿಜವಾಗಿಯೂ 15 ಲಕ್ಷದ್ದು ಇದ್ದರೆ ಸರಿ. 2019ರ ಜನವರಿಯಿಂದ ಪ್ರತ್ಯೇಕವಾಗಿ ಒಂದೇ ಪಾಲಿಸಿ ಮಾಡಿಸಿ ನಿಮ್ಮ ಹೆಸರಿನ ಎರಡು ಗಾಡಿಗೂ ಅದೇ ಸಾಕೆನ್ನಲು ಅವಕಾಶವಿದೆ. ಇಲ್ಲದಿದ್ದರೆ ದಯವಿಟ್ಟು ಆ ಟಿಕ್ ಹಾಕಿಸಬೇಡಿ.

ಇದಕ್ಕೆ ಎರಡು ಷರತ್ತುಗಳಿವೆ. ಆರ್.ಸಿ. ನಿಮ್ಮ ಹೆಸರಲ್ಲಿರಬೇಕು, ಚಾಲ್ತಿಯಲ್ಲಿರುವ ಡಿ.ಎಲ್. ಇರಬೇಕು. ಭಾವನ ಗಾಡಿ ಓಡಿಸುವ ಭಾಮೈದನಿಗೆ ಭಾವನ ಪಿ.ಎ. ಕವರ್ ಬರುವುದಿಲ್ಲ. ಇನ್ನೊಂದು ಮಾತು: ಇದು ಆಸ್ಪತ್ರೆ ಬಿಲ್ ಕಟ್ಟುವ ವಿಮೆಯಲ್ಲ. ಕಾಲು ಮುರಿದು ಮೂರು ತಿಂಗಳು ಮಲಗಿದರೂ ಅಂಗ ಊನವಾಗದಿದ್ದರೆ ಹಣ ಬರುವುದಿಲ್ಲ. ಇಎಸ್‌ಐ ಇರುವ ಕಾರ್ಖಾನೆಯವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಆಸರೆ ಇದೆ. ಉಳಿದವರು ಆರೋಗ್ಯ ವಿಮೆಯನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಈಗ ಹಿಂದಿನ ಸೀಟು. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇರುವುದು ಇಲ್ಲೇ. ಹಿಂದೆ ಕೂತವರು ಹೇಗೂ ಥರ್ಡ್ ಪಾರ್ಟಿಯಲ್ಲಿ ಸೇರುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. 2006ರಲ್ಲಿ ಸುಪ್ರೀಂ ಕೋರ್ಟು ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಬೇರೆ: ಬರೀ ಕಾನೂನಿಗೆ ಬೇಕಾದಷ್ಟೇ ಇರುವ ಪಾಲಿಸಿಯಲ್ಲಿ ಸ್ಕೂಟರಿನ ಹಿಂದೆ ಪುಕ್ಕಟೆ ಕೂತು ಹೋಗುವವರ ಹೊಣೆ ಕಂಪನಿಯದಲ್ಲ. ಹೆಂಡತಿ, ಮಗಳು, ಗೆಳೆಯ, ಯಾರೇ ಇರಲಿ. ಲಾರಿಯವನು ಬಂದು ಗುದ್ದಿದರೆ ಲಾರಿಯ ವಿಮೆಯಿಂದ ಅವರಿಗೆ ಪರಿಹಾರ ಸಿಗುತ್ತದೆ, ನಿಜ. ಆದರೆ ನಿಮ್ಮ ಗಾಡಿಯೇ ಜಾರಿ ಅವರು ಬಿದ್ದರೆ? ಪರಿಹಾರ ಕೊಡಬೇಕಾದವರು ನೀವು, ಅಂದರೆ ಅದೇ ಮನೆಯ ಖಾಲಿ ಜೇಬು.

ಫುಲ್ ಇನ್ಶೂರೆನ್ಸ್ ಅಥವಾ ಪ್ಯಾಕೇಜ್ ಪಾಲಿಸಿಯಲ್ಲಿ ಈ ಕಷ್ಟವಿಲ್ಲ. ಪ್ಯಾಕೇಜ್ ಪಾಲಿಸಿ ಇದ್ದಲ್ಲಿ ಹಿಂದೆ ಕೂತವರ ಹೊಣೆಯೂ ಕಂಪನಿಯದೇ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿ ಸ್ಪಷ್ಟಪಡಿಸಿತು. ಹಾಗಾಗಿ ದಿನವೂ ಇಬ್ಬರು ಕೂತು ಹೋಗುವ ಗಾಡಿಗೆ ಪ್ಯಾಕೇಜ್ ಪಾಲಿಸಿಯೇ ಸರಿ, ಗಾಡಿ ಎಷ್ಟೇ ಸವೆದಿರಲಿ. ಜೊತೆಗೆ ಹಿಂದೆ ಕೂರುವವರಿಗೆಂದೇ ಅಪಘಾತ ವಿಮೆಯನ್ನು ಹೆಚ್ಚುವರಿಯಾಗಿ ಸೇರಿಸಿಕೊಳ್ಳಬಹುದು. ಅದೂ ಭಾರವೆನಿಸಿದರೆ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಹೇಗೂ ಸಂಬಳದ ಬ್ಯಾಂಕ್ ಖಾತೆ ಇರುತ್ತದೆ. ಆ ಖಾತೆಯಿಂದಲೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ದೊಡ್ಡ ಮೊತ್ತವೇನಲ್ಲ, ಆದರೆ ಆ ಹೊತ್ತಿನಲ್ಲಿ ಕೈಸಾಲಕ್ಕೆ ಓಡುವುದನ್ನು ತಪ್ಪಿಸುತ್ತದೆ.

ಕೊನೆಗೆ ಬೈಕು. ಪ್ಯಾಕೇಜಿನಲ್ಲಿ ಗಾಡಿಗೆ ಸಿಗುವ ರಕ್ಷಣೆಗೆ 'ಓನ್ ಡ್ಯಾಮೇಜ್' ಎನ್ನುತ್ತಾರೆ. ಕಳವು, ಬೆಂಕಿ, ಪ್ರವಾಹ, ಅಪಘಾತ ಎಲ್ಲ ಇದರಲ್ಲಿ ಬರುತ್ತದೆ. ಲಗ್ಗೆರೆಯ ಗಲ್ಲಿಗಳಲ್ಲಿ ಬಹುತೇಕ ಮನೆಗಳಿಗೆ ಪಾರ್ಕಿಂಗ್ ಇಲ್ಲ. ಗೇಟಿನ ಹೊರಗೆ, ಮೋರಿಯ ಚಪ್ಪಡಿ ಮೇಲೆ, ಹ್ಯಾಂಡಲ್ ಲಾಕ್ ಮಾಡಿದ ಗಾಡಿಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಕಳವಾದರೆ ಸಿಗುವುದು ಐಡಿವಿ, ಅಂದರೆ ಶೋರೂಮ್ ಬೆಲೆಯಲ್ಲಿ ಸವಕಳಿ ಕಳೆದ ಮೊತ್ತ, ಹೊಸ ಗಾಡಿಯ ಬೆಲೆಯಲ್ಲ. ಮೊದಲ ಆರು ತಿಂಗಳು ನೂರಕ್ಕೆ 5 ಕಳೆಯುತ್ತಾರೆ, ವರ್ಷ ತುಂಬುವವರೆಗೆ 15, ಎರಡು ವರ್ಷದವರೆಗೆ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಶೋರೂಮ್ ಬೆಲೆ 80,000 ಇದ್ದ ಗಾಡಿ ನಾಲ್ಕನೇ ವರ್ಷ ಕಳವಾದರೆ ಲೆಕ್ಕ 48,000ಕ್ಕೆ ಇಳಿದಿರುತ್ತದೆ. ಪ್ರೀಮಿಯಂ ಕಡಿಮೆ ಮಾಡಲು ಐಡಿವಿಯನ್ನು ಇನ್ನೂ ಇಳಿಸಿ ತೋರಿಸುವವರಿದ್ದಾರೆ. ನೂರಿನ್ನೂರು ಉಳಿಸಲು ಕಳವಿನ ದಿನ ಸಾವಿರಾರು ಬಿಡಬೇಕಾಗುತ್ತದೆ.

ಹಾಗೆ ನೋಡಿದರೆ ಓನ್ ಡ್ಯಾಮೇಜ್ ದುಬಾರಿಯೂ ಅಲ್ಲ. ಹಳೆಯ ಟ್ಯಾರಿಫ್ ಪಟ್ಟಿಯಲ್ಲಿ ಬೆಂಗಳೂರಿನ 150 ಸಿಸಿವರೆಗಿನ, ಐದು ವರ್ಷದೊಳಗಿನ ಗಾಡಿಗೆ ಐಡಿವಿಯ ನೂರಕ್ಕೆ 1.708 ಎಂದಿತ್ತು. 48,000ಕ್ಕೆ ಅದು 820 ರೂಪಾಯಿಯಾಗುತ್ತದೆ. 2007ರಿಂದ ಈ ಭಾಗದ ದರವನ್ನು ಕಂಪನಿಗಳ ಕೈಗೆ ಬಿಟ್ಟಿರುವುದರಿಂದ ರಿಯಾಯಿತಿಯೂ ಸಿಗುತ್ತದೆ. ನಾಲ್ಕು ಕಡೆ ಕೇಳಿ ನೋಡಬೇಕಾದ್ದು ಇದನ್ನೇ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಈ ಪ್ರೀಮಿಯಮ್ಮಿನಲ್ಲಿ ನೂರಕ್ಕೆ 20 ಕಡಿತ, ಐದು ವರ್ಷ ಮಾಡದಿದ್ದರೆ 50. ಕನ್ನಡಿ ಒಡೆಯಿತು, ಇಂಡಿಕೇಟರ್ ಹೋಯಿತು ಎಂದು ಕ್ಲೇಮ್ ಹಾಕಿ ಇದನ್ನು ಕಳೆದುಕೊಳ್ಳಬೇಡಿ. ಪಾಲಿಸಿ ಮುಗಿದು 90 ದಿನ ಕಳೆದರೂ ಇದು ಕೈತಪ್ಪುತ್ತದೆ.

ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಬಂಪರ್ ಟು ಬಂಪರ್, ಅಂದರೆ ಝೀರೋ ಡೆಪ್, ಹೊಸ ಸ್ಕೂಟರಿಗೆ ಉಪಯುಕ್ತ. ಇದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರುಗಳಿಗೆ ಕಂಪನಿ ಅರ್ಧವನ್ನಷ್ಟೇ ಕೊಡುತ್ತದೆ. ಇವತ್ತಿನ ಸ್ಕೂಟರಿನ ಮೈಯೆಲ್ಲ ಪ್ಲಾಸ್ಟಿಕ್ಕೇ. ಎಂಜಿನ್ ಪ್ರೊಟೆಕ್ಷನ್ ಬಗ್ಗೆ ತಗ್ಗಿನಲ್ಲಿ, ರಾಜಕಾಲುವೆ ಪಕ್ಕ ಮನೆ ಇರುವವರು ಯೋಚಿಸಬೇಕು. 2017ರ ಅಕ್ಟೋಬರಿನ ಮಳೆಯಲ್ಲಿ ಪಕ್ಕದ ಕುರುಬರಹಳ್ಳಿ ಕಂಡ ನೀರನ್ನು ಈ ಭಾಗದವರು ಮರೆತಿಲ್ಲ, ಅಂದು ಜೀವಗಳೇ ಹೋದವು. ರಾತ್ರಿ ನೀರಲ್ಲಿ ನಿಂತ ಗಾಡಿಯನ್ನು ಬೆಳಿಗ್ಗೆ ಕಿಕ್ ಹೊಡೆದರೆ ನೀರು ಸಿಲಿಂಡರಿಗೆ ನುಗ್ಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದು ಪ್ರವಾಹದ ಹಾನಿಯಲ್ಲ, ನೀವು ಸ್ಟಾರ್ಟ್ ಮಾಡಿದ್ದರ ಹಾನಿ ಎಂದು ಕಂಪನಿ ವಾದಿಸುತ್ತದೆ. ಸ್ಟಾರ್ಟ್ ಮಾಡದೆ ಫೋಟೋ ತೆಗೆದು, ತಳ್ಳಿಕೊಂಡು ಅಥವಾ ಟೆಂಪೋದಲ್ಲಿ ಹಾಕಿಕೊಂಡು ಸರ್ವೀಸ್ ಸೆಂಟರಿಗೆ ಒಯ್ಯಿರಿ.

ಹೊಸ ಗಾಡಿ ಕೊಂಡವರು ಒಂದು ವಿಷಯ ಗಮನಿಸಿ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು. ಶೋರೂಮಿನಲ್ಲಿ "ಐದು ವರ್ಷ ಇನ್ಶೂರೆನ್ಸ್ ಇದೆ ಸಾರ್" ಎನ್ನುತ್ತಾರೆ. ನಿಜ, ಆದರೆ ಐದು ವರ್ಷ ಇರುವುದು ಥರ್ಡ್ ಪಾರ್ಟಿ. ಓನ್ ಡ್ಯಾಮೇಜ್, ಪಿ.ಎ. ಎರಡೂ ಹೆಚ್ಚಿನ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿದಿರುತ್ತವೆ. ಎರಡನೇ ವರ್ಷ ಗಾಡಿ ಕಳವಾದ ಮೇಲೆ ಪಾಲಿಸಿ ತೆಗೆದು ನೋಡಿ ಕುಸಿದು ಕೂರುವ ಸ್ಥಿತಿ ಬರಬಾರದು. ಓನ್ ಡ್ಯಾಮೇಜನ್ನು ಪ್ರತ್ಯೇಕವಾಗಿ ಕೊಳ್ಳಲು 2019ರ ಸೆಪ್ಟೆಂಬರಿನಿಂದ ಅವಕಾಶವಿದೆ. ಪಾಲಿಸಿಯ ಮೊದಲ ಪುಟದಲ್ಲಿ ಮೂರಕ್ಕೂ ಬೇರೆ ಬೇರೆ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ಇವತ್ತೇ ನೋಡಿ.

ಊಟದ ಡೆಲಿವರಿಗೋ ಬಾಡಿಗೆ ಸವಾರಿಗೋ ಗಾಡಿ ಓಡಿಸುವ ಹುಡುಗರು ಅದನ್ನು ಕಂಪನಿಗೆ ತಿಳಿಸಿಯೇ ಪಾಲಿಸಿ ಮಾಡಿಸಬೇಕು; ಸ್ವಂತ ಬಳಕೆಯ ಪಾಲಿಸಿಯಲ್ಲಿ ಈ ಕಾರಣಕ್ಕೇ ಕ್ಲೇಮ್ ನಿಂತುಹೋಗಬಹುದು.

ಸೆಕೆಂಡ್ ಹ್ಯಾಂಡ್ ಗಾಡಿಯ ಮಾತು ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ದುಡ್ಡು ಕೊಟ್ಟು, ಕೀಲಿ ಈಸಿಕೊಂಡು, ಸಹಿ ಹಾಕಿದ ಫಾರಂ 29 ಮತ್ತು 30ನ್ನು ಡಿಕ್ಕಿಯಲ್ಲಿಟ್ಟುಕೊಂಡೇ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಅವರಿಗೆ 15 ಲಕ್ಷದ ಪಿ.ಎ. ಇಲ್ಲ, ಏಕೆಂದರೆ ಆರ್.ಸಿ.ಯಲ್ಲಿ ಅವರ ಹೆಸರಿಲ್ಲ. ಗಾಡಿ ಕಳವಾದರೆ ಹಣವೂ ಸುಲಭಕ್ಕೆ ಬರುವುದಿಲ್ಲ. ಮಾರಿದವರಿಗೂ ನೆಮ್ಮದಿಯಿಲ್ಲ: ಅಪಘಾತವಾದರೆ ನೋಟಿಸ್ ಹೋಗುವುದು ಆರ್.ಸಿ.ಯಲ್ಲಿರುವ ಹೆಸರಿಗೆ. ಗಾಡಿ ಕೈಬದಲಾದ 14 ದಿನದೊಳಗೆ ಹೊಸ ಮಾಲೀಕರು ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕೆಂದು ಕಾಯ್ದೆಯ 157ನೇ ಸೆಕ್ಷನ್ ಹೇಳುತ್ತದೆ. ಆ ಫಾರಂಗಳು ಇನ್ನೂ ನಿಮ್ಮ ಡಿಕ್ಕಿಯಲ್ಲೇ ಇದ್ದರೆ, ಹಳೆಯ ಮಾಲೀಕರು ನಂಬರ್ ಬದಲಿಸುವ ಮೊದಲೇ ಅವರಿಗೆ ಫೋನ್ ಮಾಡಿ ಆರ್.ಟಿ.ಓ. ಕೆಲಸ ಮುಗಿಸಿಕೊಳ್ಳಿ.